ಮೂರನೇ ದಿನ ಮನೆಗೆ ಬರುವವರು

ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಸೋಮವಾರ ಬೆಳಿಗ್ಗೆ ಸಹಜ ಹೆರಿಗೆಯಾದ ಹೆಣ್ಣುಮಗಳು, ಎಲ್ಲ ಸರಿಯಿದ್ದರೆ, ಬುಧವಾರ ಮಧ್ಯಾಹ್ನದ ಹೊತ್ತಿಗೆ ತಳಕಿನ ಕಡೆಗೋ ಪರಶುರಾಂಪುರದ ಕಡೆಗೋ ಹೊರಟ ಗಾಡಿಯಲ್ಲಿರುತ್ತಾಳೆ. ಮಡಿಲಲ್ಲಿ ಕೂಸು, ಕೈಯಲ್ಲಿ ತಾಯಿ ಕಾರ್ಡ್, ಪಕ್ಕದಲ್ಲಿ ಅವ್ವ. ಆಸ್ಪತ್ರೆಯ ಲೆಕ್ಕದಲ್ಲಿ ಕೆಲಸ ಮುಗಿಯಿತು. ಆದರೆ ಅವಳ ಎದೆಯಲ್ಲಿ ಹಾಲು ತುಂಬಿಕೊಳ್ಳುವುದು ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ. ಎದೆ ಬಿಗಿದು ಕಲ್ಲಾಗುವುದು, ತೊಟ್ಟು ಬಿರಿಯುವುದು, ಕೂಸು ಬಾಯಿ ಹಾಕಿ ಮತ್ತೆ ಬಿಟ್ಟು ಕಿರುಚುವುದು ಇವೆಲ್ಲ ಬುಧವಾರ ರಾತ್ರಿಯ ಮಾತು. ಆಗ ಹತ್ತಿರದಲ್ಲಿ ಡಾಕ್ಟರೂ ಇಲ್ಲ, ನರ್ಸೂ ಇಲ್ಲ.

ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆ ನೂರಕ್ಕೆ 97ರಷ್ಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ಮಾತಿದು. ದೊಡ್ಡ ಸಾಧನೆಯೇ. ಅದೇ ಸಮೀಕ್ಷೆಯ ದೇಶದ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಬೇರೆಯದೇ ಕಥೆ ಕಾಣುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳು ನೂರಕ್ಕೆ 88ಕ್ಕೂ ಹೆಚ್ಚು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಗೆ ಬಂದ ಮಕ್ಕಳು ನೂರಕ್ಕೆ 42ರಷ್ಟು. ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲು ಬಿಟ್ಟು ಬೇರೇನೂ ಕುಡಿಯದವರು ನೂರಕ್ಕೆ 64ರಷ್ಟು. ಹೆರಿಗೆಯನ್ನು ಆಸ್ಪತ್ರೆಗೆ ತಂದಷ್ಟು ಸುಲಭವಾಗಿ ಹಾಲೂಡಿಸುವುದನ್ನು ತರಲಾಗಿಲ್ಲ. ತರುವ ಹಾಗೂ ಇಲ್ಲ, ಅದು ನಡೆಯುವ ಜಾಗ ಮನೆ. ಹಾಗಾಗಿ ಯಾರಾದರೂ ಮನೆಗೇ ಹೋಗಬೇಕು.

ಹಿಂದೆ ಹೋಗುತ್ತಿದ್ದವರು ಸೂಲಗಿತ್ತಿಯರು. ಚಳ್ಳಕೆರೆಗೆ ತಾಗಿದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು 98ನೇ ವಯಸ್ಸಿನಲ್ಲಿ ತೀರಿಕೊಂಡರು. ಹೊಕ್ಕುಳಬಳ್ಳಿ ಕತ್ತರಿಸಿದಲ್ಲಿಗೆ ಸೂಲಗಿತ್ತಿಯ ಕೆಲಸ ಮುಗಿಯುತ್ತಿರಲಿಲ್ಲ. ಕೂಸಿಗೆ ನೀರೆರೆಯಲು, ಬಾಣಂತಿಗೆ ಎಣ್ಣೆ ಹಚ್ಚಲು ಅವಳು ಮತ್ತೆ ಮತ್ತೆ ಬರುತ್ತಿದ್ದಳು. ಹಾಗೆ ಬಂದಾಗ ಎದೆ ಕಟ್ಟಿದೆಯೇ, ಕೂಸು ಚೀಪುತ್ತಿದೆಯೇ ಎಂಬುದು ಕೇಳದೆಯೇ ಅವಳ ಕಣ್ಣಿಗೆ ಬೀಳುತ್ತಿತ್ತು. ಹಳೆಯ ಪದ್ಧತಿಯಲ್ಲಿ ಎಲ್ಲವೂ ಒಳ್ಳೆಯದಿತ್ತು ಎಂದು ಹೇಳಲಾಗದು. ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದವರೂ ಇದ್ದರು. ಆದರೆ ಹೆರಿಗೆ ಆಸ್ಪತ್ರೆಗೆ ಹೋದಾಗ ಸೂಲಗಿತ್ತಿಯ ಜೊತೆಗೆ ಆ ಮರುಭೇಟಿಯೂ ಹೋಯಿತು. ಅದನ್ನು ಬೇರೆ ಹೆಸರಿನಲ್ಲಿ ವಾಪಸು ತರಲು ಸರ್ಕಾರಕ್ಕೆ 2011ರ ತನಕ ಸಮಯ ಹಿಡಿಯಿತು.

ದಾರಿ ತೋರಿದ್ದು ಮಹಾರಾಷ್ಟ್ರದ ಗಡ್ಚಿರೋಲಿ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಕೂಸು ಹುಟ್ಟಿದ ಮೊದಲ ತಿಂಗಳಲ್ಲಿ ಮನೆಮನೆಗೆ ಕಳಿಸಿತು. ಕೂಸನ್ನು ಬೆಚ್ಚಗಿಡುವುದು, ತೂಕ ನೋಡುವುದು, ಹಾಲೂಡಿಸಲು ನೆರವಾಗುವುದು, ಸೋಂಕು ಕಂಡರೆ ಔಷಧ ಕೊಡುವುದು ಇವೆಲ್ಲ ಸೇರಿದ ಕೆಲಸ ಅದು. ನವಜಾತ ಶಿಶುಗಳ ಸಾವು ಶೇಕಡಾ 62ರಷ್ಟು ಇಳಿಯಿತೆಂಬ ಫಲಿತಾಂಶ 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹನ್ನೆರಡು ವರ್ಷದ ಮೇಲೆ ಆಶಾ ಕಾರ್ಯಕರ್ತೆಯರ ಕೆಲಸದ ಪಟ್ಟಿಗೆ ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ಸೇರಿತು. ಆಸ್ಪತ್ರೆಯ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಹೀಗೆ ಆರು ಭೇಟಿ. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನದ್ದೂ ಸೇರಿ ಏಳು. ಸಿಸೇರಿಯನ್ ಆಗಿ ಆಸ್ಪತ್ರೆಯಲ್ಲೇ ಉಳಿದವರಿಗೆ ಏಳನೇ ದಿನದಿಂದ ಐದು.

ಆಶಾ ಕಾರ್ಯಕರ್ತೆಯ ಚೀಲದಲ್ಲಿ ತೂಕದ ಜೋಳಿಗೆ, ಡಿಜಿಟಲ್ ಥರ್ಮಾಮೀಟರ್, ಉಸಿರು ಎಣಿಸಲು ಕೈಗಡಿಯಾರ, ಕಂಬಳಿ ಇರುತ್ತವೆ. ತುಂಬಬೇಕಾದ ನಮೂನೆಯೂ ಇರುತ್ತದೆ. ಸರ್ಕಾರಿ ನಮೂನೆಗಳ ಪೈಕಿ ಇದು ಮನುಷ್ಯರು ಬರೆದದ್ದೆಂದು ಅನ್ನಿಸುವ ನಮೂನೆ. ಕೂಸಿಗೆ ಮೊಟ್ಟಮೊದಲು ಬಾಯಿಗೆ ಹಾಕಿದ್ದೇನು, ಎದೆಗೆ ಹಾಕಿದ್ದು ಎಷ್ಟು ಹೊತ್ತಿಗೆ, ಕೂಸು ಜೋರಾಗಿ ಚೀಪುತ್ತದೋ ಸೋತು ಚೀಪುತ್ತದೋ ಎಂದೆಲ್ಲ ಅದು ಕೇಳುತ್ತದೆ. ಬಾಣಂತಿ 24 ಗಂಟೆಯಲ್ಲಿ ಎಷ್ಟು ಸಲ ಹೊಟ್ಟೆ ತುಂಬ ಉಂಡಳು ಎಂದೂ ಕೇಳುತ್ತದೆ. ಬಾಣಂತಿಯ ಊಟವನ್ನು ಅಳೆದು, ನೀರನ್ನೂ ಕಮ್ಮಿ ಮಾಡಿ, ಬಿಸಿ ಕೋಣೆಯಲ್ಲಿ ಕೂರಿಸುವ ಮನೆಗಳಲ್ಲಿ ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಅಡುಗೆಮನೆಯಲ್ಲಿ ಸಣ್ಣದೊಂದು ಚರ್ಚೆ ಶುರುವಾಗುತ್ತದೆ.

ಆದರೆ ಉತ್ತರ ಬರೆದುಕೊಂಡು ಹೋಗುವುದು ಬೇರೆ, ಕೂತು ನೋಡುವುದು ಬೇರೆ. ಈ ಬರಹದ ತಿರುಳೆಲ್ಲ ಅಲ್ಲಿಯೇ.

ಎಲ್ಲ ಮನೆಯಲ್ಲೂ ಕೇಳಿಬರುವ ದೂರು ಒಂದೇ. “ಹಾಲೇ ಸಾಲ್ತಿಲ್ಲ ಕಣಮ್ಮ, ರಾತ್ರಿಯೆಲ್ಲ ಒಂದೇ ಸಮನೆ ಅಳ್ತೈತೆ” ಎಂದು ಅಜ್ಜಿ ಹೇಳುತ್ತಾಳೆ. ಬಾಣಂತಿ ಮಾತಾಡುವುದಿಲ್ಲ. “ಹಾಲು ಬರುತ್ತೆ ಅಜ್ಜಿ, ಕೊಡ್ತಾ ಇರಿ” ಎಂದು ಹೇಳಿ ಎದ್ದು ಹೋದರೆ ಅದು ಸಲಹೆ. ಸಲಹೆ ಅಜ್ಜಿಯ ಹತ್ತಿರ ಬೇಕಾದಷ್ಟಿದೆ. “ಎಲ್ಲಿ, ಈಗ ಒಂದು ಸಲ ಕುಡಿಸು ನೋಡಾಣ” ಎಂದು ಚಾಪೆಯ ಮೇಲೆ ಕೂತರೆ ಮಾತ್ರ ವಿಷಯ ತಿಳಿಯುತ್ತದೆ. ಬಹಳ ಸಲ ಕಾಣುವುದು ಇದು: ತಾಯಿ ಬಗ್ಗಿ ಎದೆಯನ್ನು ಕೂಸಿನ ಬಾಯಿಗೆ ತರುತ್ತಿದ್ದಾಳೆ, ಕೂಸಿನ ಮೈ ಮೇಲಕ್ಕೆ ಮುಖ ಮಾಡಿದೆ, ಕತ್ತು ಮಾತ್ರ ಪಕ್ಕಕ್ಕೆ ತಿರುಗಿದೆ. ಬಾಯಲ್ಲಿ ಸಿಕ್ಕಿರುವುದು ತೊಟ್ಟಷ್ಟೇ. ಬರೀ ತೊಟ್ಟನ್ನು ಚೀಪಿದರೆ ಹಾಲು ಬಾರದು, ತೊಟ್ಟು ಬಿರಿಯುತ್ತದೆ. ನೋವಾದಾಗ ತಾಯಿ ಬೇಗ ಬಿಡಿಸುತ್ತಾಳೆ. ಎದೆ ಖಾಲಿಯಾಗದೆ ಬಿಗಿಯುತ್ತದೆ. ಬಿಗಿದ ಎದೆ ಕೂಸಿನ ಬಾಯಿಗೆ ಇನ್ನೂ ಸಿಗುವುದಿಲ್ಲ. ಮೂರು ದಿನ ಹೀಗೇ ನಡೆದರೆ ಹಾಲು ನಿಜವಾಗಿಯೂ ಕಮ್ಮಿಯಾಗುತ್ತದೆ, ಅಜ್ಜಿಯ ಮಾತು ನಿಜವಾಗಿಬಿಡುತ್ತದೆ.

ಪರಿಹಾರಕ್ಕೆ ಔಷಧಿ ಬೇಕಿಲ್ಲ. ತಾಯಿ ಗೋಡೆಗೆ ಒರಗಿ ಕೂರಬೇಕು. ಕೂಸಿನ ತಲೆ, ಬೆನ್ನು, ಕುಂಡಿ ಒಂದೇ ಸಾಲಿನಲ್ಲಿದ್ದು, ಅದರ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಬೇಕು. ತೊಟ್ಟನ್ನು ಮೇಲ್ದುಟಿಗೆ ತಾಗಿಸಿ, ಕೂಸು ಆಕಳಿಸುವಷ್ಟು ಅಗಲ ಬಾಯಿ ತೆರೆಯುವ ತನಕ ಕಾಯಬೇಕು. ತೆರೆದ ಕೂಡಲೇ ಕೂಸನ್ನು ಎದೆಗೆ ತರಬೇಕು, ಎದೆಯನ್ನು ಕೂಸಿಗಲ್ಲ. ಸರಿಯಾಗಿ ಹಿಡಿದರೆ ಗಲ್ಲ ಎದೆಗೆ ತಾಗಿರುತ್ತದೆ, ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ಗಡೆ ಹೆಚ್ಚು, ಕೆಳಗಡೆ ಕಮ್ಮಿ ಕಾಣುತ್ತದೆ. ಚೀಪುತ್ತ ನಡುನಡುವೆ ಗುಟುಕು ನುಂಗುವ ಸದ್ದು ಕೇಳುತ್ತದೆ. ಎದೆ ಕಟ್ಟಿದ್ದರೆ ಬಿಸಿನೀರಿನ ಬಟ್ಟೆಯಲ್ಲಿ ಕಾವು ಕೊಟ್ಟು, ಸ್ವಲ್ಪ ಹಾಲು ಕೈಯಲ್ಲೇ ಹಿಂಡಿ, ತೊಟ್ಟಿನ ಸುತ್ತ ಮೆತ್ತಗಾದ ಮೇಲೆ ಕುಡಿಸಬೇಕು. ಇಷ್ಟನ್ನು ಮಾತಿನಲ್ಲಿ ಹೇಳಲು ಎರಡು ನಿಮಿಷ ಸಾಕು. ತಾಯಿಯ ಕೈಗೆ ಹತ್ತಿಸಲು ಅರ್ಧ ಗಂಟೆ ಬೇಕು, ಕೆಲವೊಮ್ಮೆ ಮರುದಿನ ಇನ್ನೊಮ್ಮೆ ಬರಬೇಕು.

ತೂಕದ ಜೋಳಿಗೆಯೂ ಇಲ್ಲಿ ಎರಡಲಗಿನ ಕತ್ತಿ. ಹುಟ್ಟಿದಾಗ 2.8 ಕಿಲೋ ಇದ್ದ ಕೂಸು ಮೂರನೇ ದಿನ 2.6 ತೋರಿಸಿದರೆ ಮನೆಯಲ್ಲಿ ಗಾಬರಿ. ಮೊದಲ ವಾರ ಇಷ್ಟು ಇಳಿಯುವುದು ಸಹಜವೆಂದೂ, ಹತ್ತರಿಂದ ಹದಿನಾಲ್ಕು ದಿನದೊಳಗೆ ಮತ್ತೆ ಹುಟ್ಟಿದ ತೂಕಕ್ಕೆ ಬರಬೇಕೆಂದೂ ಹೇಳದೆ ಜೋಳಿಗೆ ಮಡಚಿದರೆ, ಆ ಸಂಜೆಯೇ ಪುಡಿ ಹಾಲಿನ ಡಬ್ಬ ಮನೆಗೆ ಬರುತ್ತದೆ. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಅಳುವಿಗಿಂತ ಒದ್ದೆ ಬಟ್ಟೆ ನಂಬಿಕಸ್ಥ ಸಾಕ್ಷಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ದರೆ, ಎರಡನೇ ವಾರದಿಂದ ತೂಕ ಏರಿದರೆ, ಹಾಲು ಸಾಲುತ್ತಿದೆ. ಕೂಸು ಚೀಪುವುದನ್ನೇ ಬಿಟ್ಟಿತು, ಮೈ ತಣ್ಣಗಾಯಿತು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದೆ ಎಂದಾದರೆ ಅದು ಹಾಲಿನ ಪ್ರಶ್ನೆಯಲ್ಲ. ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಚಳ್ಳಕೆರೆ ಮತ್ತು ಪಕ್ಕದ ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಇನ್ನೊಂದು ಮಾತಿದೆ, ನೀರಿನದು. ರಾಜ್ಯದಲ್ಲೇ ಅತಿ ಕಮ್ಮಿ ಮಳೆ ಬೀಳುವ ಸೀಮೆ ಇದು. ಏಪ್ರಿಲ್ ತಿಂಗಳಲ್ಲಿ ಬಯಲಿನ ಶೀಟಿನ ಮನೆಯಲ್ಲಿ ಮಲಗಿದ ಕೂಸಿಗೆ “ಒಂದು ಗುಟುಕು ನೀರಾದ್ರೂ ಹಾಕ್ರವ್ವ, ಗಂಟಲು ಒಣಗ್ತೈತೆ” ಎಂದು ಯಾರಿಗಾದರೂ ಅನ್ನಿಸುತ್ತದೆ. ಅದರಲ್ಲಿ ಮೌಢ್ಯವೇನೂ ಇಲ್ಲ, ಕರುಣೆಯೇ ಇದೆ. ಆದರೆ ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ಇರುವುದು ನೀರೇ. ಬಿಸಿಲು ಹೆಚ್ಚಾದಂತೆ ಕೂಸು ಹೆಚ್ಚು ಸಲ ಕುಡಿಯುತ್ತದೆ, ಅಷ್ಟೇ. ನೀರು ಹೆಚ್ಚು ಬೇಕಾದದ್ದು ತಾಯಿಗೆ, ಆಕೆಗೇ ಕಮ್ಮಿ ಕೊಡುವ ಪದ್ಧತಿ ಇರುವುದು ವಿಚಿತ್ರ. ಇನ್ನು ಕೊಳವೆಬಾವಿಯ ನೀರಿನ ಸಂಗತಿ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ಬಹಳ. ತಾಯಿ ಅದೇ ನೀರು ಕುಡಿದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ತೀರಾ ಅಲ್ಪ. ಅದೇ ನೀರಿನಲ್ಲಿ ಪುಡಿ ಹಾಲು ಕಲಸಿದರೆ ನೀರಿನಲ್ಲಿದ್ದಷ್ಟೂ ಕೂಸಿನ ಹೊಟ್ಟೆಗೆ ಹೋಗುತ್ತದೆ. ಚಳ್ಳಕೆರೆ, ಮೊಳಕಾಲ್ಮುರುವಿನ ತಾಯಂದಿರಿಗೆ ಎದೆಹಾಲಿನ ಪರವಾಗಿ ಹೇಳಬಹುದಾದ ಕಾರಣಗಳಲ್ಲಿ ಇದು ಮೊದಲನೆಯದಾಗಬೇಕಿತ್ತು. ಭಿತ್ತಿಪತ್ರಗಳಲ್ಲಿ ಕಾಣುವುದು ಬುದ್ಧಿಶಕ್ತಿ ಹೆಚ್ಚುತ್ತದೆ ಎಂಬ ಮಾತು.

ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ, ಗ್ರೈಪ್ ವಾಟರ್ ಇವುಗಳ ಜೊತೆಗಿನ ಜಗಳ ಹಳೆಯದು, ಇಲ್ಲಿ ಬೆಳೆಸುವುದು ಬೇಡ. ಒಂದು ವರ್ಷದೊಳಗಿನ ಕೂಸಿಗೆ ಜೇನು ಅಪಾಯಕಾರಿ ಎಂದಷ್ಟು ಹೇಳಿದರೆ ಸಾಕು. ಒಳಲೆಯನ್ನು ಮಾತ್ರ ಆ ಪಟ್ಟಿಗೆ ಸೇರಿಸಬಾರದು. ಕಮ್ಮಿ ತೂಕದ, ಚೀಪಲು ಶಕ್ತಿಯಿಲ್ಲದ ಕೂಸುಗಳಿಗೆ ಹಿಂಡಿದ ಎದೆಹಾಲನ್ನು ಕುಡಿಸಲು ನವಜಾತ ಶಿಶು ಘಟಕಗಳಲ್ಲೂ ಅಂಥದ್ದೇ ಮೂತಿಯ ಬಟ್ಟಲು ಬಳಸುತ್ತಾರೆ. ಸೀಸೆಯ ರಬ್ಬರ್ ತೊಟ್ಟಿಗಿಂತ ಅದನ್ನು ತೊಳೆಯುವುದೂ ಸುಲಭ. ಅಜ್ಜಿಯ ಕೈಯಿಂದ ಒಳಲೆ ಕಿತ್ತುಕೊಳ್ಳುವ ಬದಲು ಅದರೊಳಗೆ ಏನಿರಬೇಕು ಎಂದು ಹೇಳಿದರೆ ಆಕೆಯೂ ಪಕ್ಷಕ್ಕೆ ಬರುತ್ತಾಳೆ. ಅಜ್ಜಿ ಪಕ್ಷಕ್ಕೆ ಬಾರದೆ ಈ ಕೆಲಸ ಆಗುವುದಿಲ್ಲ. ಬಾಣಂತನ ನಡೆಸುವವಳು ಆಕೆ.

ಈಗ ತವರಿನ ತೊಡಕು. ಚೊಚ್ಚಲು ಬಸಿರಿಯ ಹೆಸರು ಬರೆದುಕೊಂಡು, ಪರೀಕ್ಷೆಗೆ ಕರೆದೊಯ್ದು, ತಿಂಗಳುಗಟ್ಟಲೆ ಬೆನ್ನಿಗೆ ನಿಂತವಳು ಗಂಡನ ಊರಿನ ಆಶಾ ಕಾರ್ಯಕರ್ತೆ. ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಆರೂ ಭೇಟಿಗಳು ಬೀಳುವುದು ತವರಿನ ಊರಿನಲ್ಲಿ, ಅಲ್ಲಿಯ ಆಶಾಳಿಗೆ ಈಕೆ ಹೊಸಬಳು. ಇಬ್ಬರ ನಡುವೆ ಒಂದು ಫೋನ್ ಹೋದರೆ ಸರಿ. ಹೋಗದಿದ್ದರೆ ಮೂರನೇ ದಿನದ ಭೇಟಿ ಹತ್ತನೇ ದಿನಕ್ಕೆ ಬೀಳುತ್ತದೆ, ಅಷ್ಟರಲ್ಲಿ ಡಬ್ಬ ತೆರೆದಿರುತ್ತದೆ. ಮೊಳಕಾಲ್ಮುರುವಿನಲ್ಲಿ ಇದಕ್ಕೆ ಗಡಿಯೂ ಸೇರಿಕೊಳ್ಳುತ್ತದೆ. ಮಗ್ಗುಲಲ್ಲೇ ಆಂಧ್ರದ ರಾಯದುರ್ಗ. ಕೊಟ್ಟು ತಂದ ಸಂಬಂಧಗಳಿಗೆ ರಾಜ್ಯದ ಗೆರೆ ಲೆಕ್ಕಕ್ಕಿಲ್ಲ, ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ. ಆರೋಗ್ಯ ಇಲಾಖೆಯ ರಿಜಿಸ್ಟರಿಗೆ ಮಾತ್ರ ಆ ಗೆರೆ ಬಲು ದೊಡ್ಡದು.

ಗೊಲ್ಲರಹಟ್ಟಿಗಳ ಮಾತನ್ನು ಮೆಲ್ಲಗೆ ಆಡಬೇಕು. ಕಾಡುಗೊಲ್ಲರಲ್ಲಿ ಬಾಣಂತಿಯನ್ನೂ ಕೂಸನ್ನೂ ಸೂತಕವೆಂದು ಹಟ್ಟಿಯಾಚೆಯ ಗುಡಿಸಲಿನಲ್ಲಿರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹಾಗೆ ಗುಡಿಸಲಿನಲ್ಲಿದ್ದ ಎಳೆಗೂಸು ಶೀತಕ್ಕೆ ಸಿಕ್ಕಿ ತೀರಿಕೊಂಡಾಗ ರಾಜ್ಯವೆಲ್ಲ ಒಂದು ವಾರ ಮಾತಾಡಿತು. ಮುಟ್ಟಾದವರನ್ನೂ ಬಸಿರಿಯರನ್ನೂ ಬಲವಂತವಾಗಿ ಊರಾಚೆ ಇಡುವುದು 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಡಿ ಅಪರಾಧ. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಕಾಯ್ದೆ ಗುಡಿಸಲನ್ನು ಕೆಡವಬಲ್ಲದು. ಮಳೆಗಾಲದ ರಾತ್ರಿ ಆ ಕೂಸಿನ ಮೈ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಲು ಬೇರೆಯವರೇ ಬೇಕು. ತಾಯಿಯ ಎದೆಗೆ ಕೂಸನ್ನು ಬರಿಮೈಗೆ ಬರಿಮೈ ತಾಗುವಂತೆ ಕಟ್ಟಿಕೊಂಡು ಮೇಲೆ ಕಂಬಳಿ ಹೊದೆಯುವುದನ್ನು ಕಲಿಸಿದರೆ ಕೂಸು ಬೆಚ್ಚಗೂ ಇರುತ್ತದೆ, ಹಾಲೂ ಹೆಚ್ಚು ಸಲ ಕುಡಿಯುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಕಮ್ಮಿ ತೂಕದ ಮಕ್ಕಳಿಗೆ ಈ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ದ ಕೆಲಸ ನಡೆದಿದೆ. ಕಂಬಳಿಗೆ ಹೆಸರಾದ ಚಳ್ಳಕೆರೆಗೆ ಅದೇನೂ ದುಬಾರಿಯ ವಿದ್ಯೆಯಲ್ಲ.

ಮನೆ ಭೇಟಿಯಿಂದ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇಪ್ಪತ್ತೈದು ವರ್ಷದ ಹಿಂದೆಯೇ ಸಿಕ್ಕಿದೆ. ಮೆಕ್ಸಿಕೋದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ಭೇಟಿ ಸಿಕ್ಕ ತಾಯಂದಿರಲ್ಲಿ ಮೂರನೇ ತಿಂಗಳಲ್ಲಿ ಬರೀ ಎದೆಹಾಲು ಕೊಡುತ್ತಿದ್ದವರು ನೂರಕ್ಕೆ 67, ಮೂರು ಭೇಟಿ ಸಿಕ್ಕವರಲ್ಲಿ 50, ಭೇಟಿಯೇ ಇಲ್ಲದವರಲ್ಲಿ 12. ಢಾಕಾದಲ್ಲಿ ನೆರೆಹೊರೆಯ ಹೆಂಗಸರನ್ನೇ ತರಬೇತುಗೊಳಿಸಿ 15 ಸಲ ಮನೆಗೆ ಕಳಿಸಿದಾಗ ಐದನೇ ತಿಂಗಳಲ್ಲಿ 70ಕ್ಕೆ 6ರ ಅಂತರ ಕಂಡಿತು. ಹರಿಯಾಣದಲ್ಲಿ ಬೇರೆ ಯಾರನ್ನೂ ನೇಮಿಸದೆ, ಇದ್ದ ಅಂಗನವಾಡಿ, ದಾಯಿ, ನರ್ಸುಗಳ ಮೂಲಕವೇ ಮಾಡಿದಾಗ ಮೂರನೇ ತಿಂಗಳಲ್ಲಿ 79ಕ್ಕೆ 48. ಗಮನಿಸಬೇಕಾದದ್ದು ಮೆಕ್ಸಿಕೋದ ಮೂರಕ್ಕೂ ಆರಕ್ಕೂ ನಡುವಿನ ವ್ಯತ್ಯಾಸ. ಭೇಟಿ ಅರ್ಧಕ್ಕೆ ಇಳಿದರೆ ಫಲವೂ ಇಳಿಯುತ್ತದೆ.

ಹಾಗಾದರೆ ಆರನ್ನೂ ಯಾಕೆ ಪೂರ್ತಿ ಮಾಡುವುದಿಲ್ಲ? ಆರೂ ಭೇಟಿಗೆ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಭಾಗಿಸಿದರೆ ಒಂದು ಭೇಟಿಗೆ 42 ರೂಪಾಯಿಯೂ ಬೀಳದು. ಅದೂ ಹುಟ್ಟಿದ ತೂಕ ಬರೆದಿರಬೇಕು, ಜನನ ನೋಂದಣಿ ಆಗಿರಬೇಕು, ಲಸಿಕೆ ಬಿದ್ದಿರಬೇಕು, 42ನೇ ದಿನದ ತನಕ ತಾಯಿ ಮಗು ಇಬ್ಬರೂ ಕ್ಷೇಮವಿರಬೇಕು. ಆಮೇಲೆ ದುಡ್ಡು. ಮೂರು ಮೈಲಿ ಆಚೆಯ ಹಟ್ಟಿಗೆ ಆಟೋ ಹಿಡಿದರೆ ಅದಕ್ಕೇ ಖರ್ಚು. ಅರ್ಧ ಗಂಟೆ ಚಾಪೆಯ ಮೇಲೆ ಕೂತದ್ದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ. ಐದು ನಿಮಿಷದ ಭೇಟಿಯೂ ಅದೇ ಟಿಕ್, ಅರ್ಧ ಗಂಟೆಯದೂ ಅದೇ ಟಿಕ್. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಯೆಲ್ಲ ಕೂತು, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದು ಊರಿಗೆ ಮರಳಿದರು. ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹದ ವೇದಿಕೆಗಳಲ್ಲಿ ಈ ಲೆಕ್ಕ ಯಾರೂ ಹೇಳುವುದಿಲ್ಲ.

ಕೆಲಸಕ್ಕೆ ಮರಳುವ ತಾಯಂದಿರ ಪಾಡು ಇನ್ನೊಂದು. ಮೊಳಕಾಲ್ಮುರುವಿನ ರೇಷ್ಮೆ ಸೀರೆಯ ಮಗ್ಗ ಮನೆಯೊಳಗೇ ಇದ್ದರೆ ಕಂಡಿಕೆ ಸುತ್ತುವ ತಾಯಿಗೆ ಕೂಸು ಕೈಯಳತೆಯಲ್ಲೇ ಇರುತ್ತದೆ. ಚಳ್ಳಕೆರೆಯ ಕಡೆ ಶೇಂಗಾ ಕೀಳಲು ಹೊಲಕ್ಕೆ ಹೋಗುವವಳಿಗೆ ಹಾಗಲ್ಲ. ಬೆಳಿಗ್ಗೆ ಹೋದರೆ ಮಧ್ಯಾಹ್ನದ ತನಕ ಕೂಸು ಅಜ್ಜಿಯ ಕೈಯಲ್ಲಿ. ಚೊಕ್ಕ ಬಟ್ಟಲಿಗೆ ಹಾಲು ಹಿಂಡಿಟ್ಟು, ನೆರಳಲ್ಲಿ ತಂಪಾಗಿ ಮುಚ್ಚಿಟ್ಟು, ನಾಲ್ಕು ಗಂಟೆಯೊಳಗೆ ಒಳಲೆಯಲ್ಲಿ ಕುಡಿಸಬಹುದು ಎಂದು ಆಕೆಗೆ ಹೇಳಿಕೊಡಬೇಕಾದ ಸಮಯ ಎರಡನೆಯ, ಮೂರನೆಯ ತಿಂಗಳು. ಆಗ ಮನೆಗೆ ಬರುವವರೇ ಇಲ್ಲ. 42ನೇ ದಿನಕ್ಕೆ ಒಂದು ಕಾರ್ಯಕ್ರಮ ಮುಗಿಯುತ್ತದೆ. 2018ರಲ್ಲಿ ಶುರುವಾದ ಇನ್ನೊಂದು ಕಾರ್ಯಕ್ರಮದ ಮೊದಲ ಭೇಟಿ ಮೂರು ತಿಂಗಳಿಗೆ, ಆಮೇಲೆ 6, 9, 12, 15ನೇ ತಿಂಗಳಿಗೆ. ನಡುವೆ ಸುಮಾರು ಏಳು ವಾರದ ಕಂದಕ. ತವರಿನಿಂದ ಗಂಡನ ಮನೆಗೆ ಹೊರಡುವ ಏರ್ಪಾಡು, ಕೂಲಿಗೆ ಮರಳುವ ಒತ್ತಡ, ‘ಈಗ ಸ್ವಲ್ಪ ಮೇಲುಹಾಲು ಹಾಕೋಣ’ ಎಂಬ ಮಾತು, ಮೂರೂ ಕೂಡುವುದು ಆ ಕಂದಕದಲ್ಲೇ.

ಅದನ್ನು ತುಂಬಲು ಹೊಸ ಯೋಜನೆ ಬೇಕಾಗಿಲ್ಲ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಕೂಸನ್ನು ಲಸಿಕೆಗೆ ಅಂಗನವಾಡಿಗೆ ತರುತ್ತಾರೆ, ತವರಿನಲ್ಲಿದ್ದರೂ ತರುತ್ತಾರೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕಾಯಿಸುತ್ತಾರೆ. ಅಳುವ ಕೂಸನ್ನು ತಾಯಂದಿರು ಹೇಗೂ ಎದೆಗೆ ಹಾಕಿಕೊಳ್ಳುತ್ತಾರೆ. ಆಶಾ, ಅಂಗನವಾಡಿ ಕಾರ್ಯಕರ್ತೆ, ನರ್ಸಮ್ಮ ಮೂವರೂ ಆ ಹೊತ್ತಿಗೆ ಒಂದೇ ಕೋಣೆಯಲ್ಲಿರುತ್ತಾರೆ, ತೂಕದ ಯಂತ್ರವೂ ಅಲ್ಲೇ ಇರುತ್ತದೆ. ಸದ್ಯಕ್ಕೆ ಆ ಅರ್ಧ ಗಂಟೆ ರಿಜಿಸ್ಟರ್ ತುಂಬುವುದರಲ್ಲೇ ಕಳೆದುಹೋಗುತ್ತಿದೆ.